ಜೋಡಿದನಿಯಲ್ಲಿ ಮುರಿದ ಜೋಡಿ

1966ರಲ್ಲಿ ಅಮೆರಿಕದ ಪಾಲ್ ಸೈಮನ್, ಆರ್ಟ್ ಗಾರ್‌ಫಂಕೆಲ್ ಜೋಡಿಗೆ ಶುಕ್ರದೆಸೆ. ಹೊಸ ವರ್ಷದ ದಿನವೇ ‘ದಿ ಸೌಂಡ್ ಆಫ್ ಸೈಲೆನ್ಸ್’ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿತ್ತು. ಅದರ ಹಿಂದೆಯೇ ‘ಹೋಮ್‌ವರ್ಡ್ ಬೌಂಡ್’ 5ನೆಯ ಸ್ಥಾನಕ್ಕೆ, ‘ಐ ಆ್ಯಮ್ ಎ ರಾಕ್’ 3ನೆಯ ಸ್ಥಾನಕ್ಕೆ ಏರಿದವು. ಅದೇ ವರ್ಷ ಬಂದ ‘ದಿ ಡ್ಯಾಂಗ್ಲಿಂಗ್ ಕಾನ್ವರ್ಸೇಷನ್’ ಮಾತ್ರ 25ರಲ್ಲೇ ಕುಂಟಿತು. ಆಡುತ್ತಾಡುತ್ತಾ ಅರ್ಧಕ್ಕೆ ನಿಂತ ಮಾತಿನ ಈ ಹಾಡಿನ ಮೇಲೆ ಆಗಿನಿಂದಲೂ ಇರುವ ದೂರು ಒಂದೇ: ಇದು ಓದಿದವರ ಒಣಜಂಬ, ಕವಿಗಳ ಹೆಸರು ಉದುರಿಸಿ ದುಃಖಕ್ಕೆ ಗೌರವ ತಂದುಕೊಳ್ಳುವ ಪ್ರಯತ್ನ.

ನನಗೆ ಈ ದೂರು ಒಪ್ಪಿಗೆಯಿಲ್ಲ. ತಕರಾರು ನನಗೂ ಇದೆ, ಆದರೆ ಅದು ಬೇರೆಯದು. ಸೈಮನ್ ಬರೆದದ್ದರಲ್ಲಿ ಜಂಬವಿಲ್ಲ. ಜಂಬ ಬಂದಿರುವುದು ಅದನ್ನು ಮುದ್ರಿಸಿಕೊಂಡ ಬಗೆಯಲ್ಲಿ.

ಹಾಡಿನಲ್ಲಿ ನಡೆಯುವುದು ಬಲು ಕಡಿಮೆ. ಇಳಿಹೊತ್ತಿನ ಬಿಸಿಲು ಪರದೆಯ ಕಸೂತಿಯಿಂದ ತೂರಿ ಕೋಣೆಗೆ ಬೀಳುತ್ತಿದೆ. ಒಬ್ಬ ಗಂಡಸು, ಒಬ್ಬಳು ಹೆಂಗಸು ಕಾಫಿ ಕುಡಿಯುತ್ತಿದ್ದಾರೆ. ಅವಳ ಕೈಯಲ್ಲಿ ಎಮಿಲಿ ಡಿಕಿನ್‌ಸನ್, ಅವನ ಕೈಯಲ್ಲಿ ರಾಬರ್ಟ್ ಫ್ರಾಸ್ಟ್. ಓದಿ ನಿಲ್ಲಿಸಿದ ಪುಟಕ್ಕೆ ಇಬ್ಬರೂ ಗುರುತು ಇಟ್ಟುಕೊಂಡಿದ್ದಾರೆ. ತಾವಿಬ್ಬರೂ ಎಲ್ಲಿ ನಿಂತೆವು ಎಂಬುದಕ್ಕೂ ಅವರ ಬಳಿ ಇರುವ ಗುರುತು ಅದೊಂದೇ. ಜಗಳವಿಲ್ಲ, ಕಣ್ಣೀರಿಲ್ಲ. ಪಾತ್ರೆ ಎತ್ತಿಹಾಕಿ ಜಗಳವಾಡುವವರ ನಡುವೆ ಇನ್ನೂ ಏನೋ ಉಳಿದಿರುತ್ತದೆ. ಇಲ್ಲಿ ಅದೂ ಉಳಿದಿಲ್ಲ.

ಕವಿಗಳ ಹೆಸರು ಬರೀ ಅಲಂಕಾರ ಎನ್ನುವವರು ಒಂದು ವಿಷಯ ಗಮನಿಸಬೇಕು. ಡಿಕಿನ್‌ಸನ್ ಹುಟ್ಟಿದ್ದೂ 1886ರಲ್ಲಿ ತೀರಿಕೊಂಡದ್ದೂ ಮ್ಯಾಸಚೂಸೆಟ್ಸ್‌ನ ಆ್ಯಮ್‌ಹರ್ಸ್ಟ್ ಎಂಬ ಸಣ್ಣ ಊರಿನಲ್ಲಿ. ಫ್ರಾಸ್ಟ್ ಮುಂದೆ ಹಲವು ವರ್ಷ ಪಾಠ ಹೇಳಿದ್ದು ಅದೇ ಊರಿನ ಕಾಲೇಜಿನಲ್ಲಿ. ಕವಿಗಳಿಬ್ಬರೂ ಒಂದೇ ಊರಿಗೆ ಸೇರಿದವರು, ಒಂದೇ ಕೋಣೆಯಲ್ಲಿ ಕೂತು ಅವರನ್ನು ಓದುವವರು ಮಾತ್ರ ಒಬ್ಬರಿಗೊಬ್ಬರು ಪರಸ್ಥಳದವರು. ಸೈಮನ್ ಇದನ್ನು ಲೆಕ್ಕ ಹಾಕಿಯೇ ಬರೆದರೆಂದು ಹೇಳಲಾರೆ. ಆದರೆ ಕ್ವೀನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಹೆಸರುಗಳು ಕಣ್ಣುಮುಚ್ಚಿ ಆರಿಸಿದವಂತೂ ಆಗಿರಲಾರವು. ಅಂದಹಾಗೆ, ಆಗ ಅವರಿಗೆ ವಯಸ್ಸು 25 ಕೂಡ ತುಂಬಿರಲಿಲ್ಲ. ದಣಿದ ಪ್ರೀತಿಯ ಬಗ್ಗೆ ಆ ವಯಸ್ಸಿನಲ್ಲಿ ಇಷ್ಟು ತಣ್ಣಗೆ ಬರೆದದ್ದೇ ಒಂದು ಸೋಜಿಗ.

ಮುಂದೆ ಇಬ್ಬರೂ ದೊಡ್ಡ ದೊಡ್ಡ ವಿಚಾರ ಎತ್ತಿಕೊಳ್ಳುತ್ತಾರೆ: ಮನೋವಿಶ್ಲೇಷಣೆಯಿಂದ ಏನಾದರೂ ಪ್ರಯೋಜನವಿದೆಯೇ, ರಂಗಭೂಮಿ ಸತ್ತೇಹೋಯಿತೇ. ಆಕ್ಷೇಪ ಎತ್ತುವವರು ಹೆಚ್ಚಾಗಿ ಬೆರಳಿಡುವುದು ಇಲ್ಲಿ. 1967ರ ತಮ್ಮ ‘ಜೋನ್’ ಆಲ್ಬಂನಲ್ಲಿ ಈ ಹಾಡನ್ನು ಹಾಡುವಾಗ ಜೋನ್ ಬಾಯೆಜ್ ರಂಗಭೂಮಿ ಇದ್ದ ಜಾಗಕ್ಕೆ ಚರ್ಚನ್ನು ತಂದರು. ಹಾಡಿಗೆ ಕೂದಲೆಳೆಯಷ್ಟೂ ಪೆಟ್ಟಾಗಲಿಲ್ಲ. ಸತ್ತದ್ದು ರಂಗಭೂಮಿಯಾದರೇನು, ಚರ್ಚ್ ಆದರೇನು? ಎದುರಿಗೆ ಕೂತವರ ಮುಖ ನೋಡದೆ ಆಡಲು ಅವರಿಗೊಂದು ವಿಷಯ ಬೇಕು, ಅಷ್ಟೆ. ಜಂಬ ಆ ಇಬ್ಬರದ್ದು, ಹಾಡಿನದ್ದಲ್ಲ.

ಇಷ್ಟೂ ಕಾಗದದ ಮೇಲಿನ ಹಾಡಿನ ಮಾತಾಯಿತು. ಕಿವಿಗೆ ಬೀಳುವುದು ಇನ್ನೊಂದು. ಅಕೂಸ್ಟಿಕ್ ಗಿಟಾರಿನ ಬಿಡಿಸ್ವರಗಳಿಂದ ಶುರುವಾದದ್ದು ನೋಡನೋಡುತ್ತ ಪಿಟೀಲುಗಳ ಗುಂಪಿನ ಕೈಗೆ ಹೋಗುತ್ತದೆ. ಕೋಣೆಯಲ್ಲಿ ಯಾರೂ ಅಳುತ್ತಿಲ್ಲ ಎಂಬುದೇ ಸಾಹಿತ್ಯದ ಶಕ್ತಿ. ಪಿಟೀಲುಗಳು ಅವರ ಪರವಾಗಿ ಅತ್ತುಬಿಡುತ್ತವೆ. ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಇಂಥ ವಾದ್ಯಗೋಷ್ಠಿ ಕೇಳಿ ಬೆಳೆದ ನಮಗೆ ಇದು ಹಿತವಾಗಿಯೇ ಕೇಳುತ್ತದೆ. ಈ ಹಾಡು ಹಿತವಾಗಬಾರದಿತ್ತು.

ಹೀಗೆ ಹಾಡಿನ ಮೇಲೆ ವಾದ್ಯ ಹೇರುವ ಚಾಳಿಯ ಬೇರು ಫೋಕ್ ರಾಕ್ ಎಂಬ ಪ್ರಕಾರದ ಹುಟ್ಟಿನಲ್ಲೇ ಇದೆ. ‘ದಿ ಸೌಂಡ್ ಆಫ್ ಸೈಲೆನ್ಸ್’ ಮೊದಲು 1964ರಲ್ಲಿ ಬರೀ ಅಕೂಸ್ಟಿಕ್ ವಾದ್ಯಗಳೊಂದಿಗೆ ಬಂದು ಯಾರಿಗೂ ಕೇಳಿಸದೆ ಹೋಗಿತ್ತು. ಮರುವರ್ಷ ಜೂನ್‌ನಲ್ಲಿ ನಿರ್ಮಾಪಕ ಟಾಮ್ ವಿಲ್ಸನ್ ಹಾಡುಗಾರರಿಗೆ ತಿಳಿಸದೆಯೇ ಅದರ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ಹೇರಿದರು. ಹಾಡು ಗೆದ್ದಿತು. ಮುಗಿದ ಹಾಡಿನ ಮೇಲೆ ಇನ್ನೊಂದು ಪದರ ಹಾಕಿದರೆ ಜನ ಕೇಳುತ್ತಾರೆ ಎಂಬ ಪಾಠ ಎಲ್ಲರಿಗೂ ಸಿಕ್ಕಿತು. ಮುಂದೆ ‘ಡ್ಯಾಂಗ್ಲಿಂಗ್ ಕಾನ್ವರ್ಸೇಷನ್’ ಇರುವ ‘ಪಾರ್ಸ್ಲಿ, ಸೇಜ್, ರೋಸ್‌ಮೆರಿ ಆ್ಯಂಡ್ ಥೈಮ್’ ಆಲ್ಬಂ ಮಾಡುವಾಗ ಸ್ಟುಡಿಯೊದ ಲಗಾಮು ಬಹುಮಟ್ಟಿಗೆ ಇವರ ಕೈಯಲ್ಲೇ ಇತ್ತು. ನಿರ್ಮಾಪಕರಾಗಿ ಬಾಬ್ ಜಾನ್‌ಸ್ಟನ್, ಧ್ವನಿಮುದ್ರಣಕ್ಕೆ ರಾಯ್ ಹೇಲಿ ಇದ್ದರು. ಹಾಗಾಗಿ ಈ ಪಿಟೀಲುಗಳ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ.

ಪಿಟೀಲಿಗಿಂತ ದೊಡ್ಡ ತೊಡಕು ದನಿಗಳದ್ದು. ಶಾಲೆಯ ದಿನಗಳಿಂದ ಒಟ್ಟಿಗೆ ಹಾಡಿಕೊಂಡು ಬಂದ ಇಬ್ಬರು ಇವರು. ಉಸಿರು ಎಲ್ಲಿ ಎಳೆಯಬೇಕು, ಪದದ ಕೊನೆಯ ವ್ಯಂಜನವನ್ನು ಎಲ್ಲಿ ಬಿಡಬೇಕು ಎಂಬುದೂ ಇಬ್ಬರಿಗೂ ಒಂದೇ. ಆ ಹೊಂದಾಣಿಕೆಯಲ್ಲಿ ಅವರು ಹಾಡುತ್ತಿರುವುದು ಹೊಂದಿಕೆಯೇ ತಪ್ಪಿದ ಇಬ್ಬರ ಕತೆ! ತಮ್ಮ ಬಾಳನ್ನು ಲಯ ಕೆಟ್ಟ, ಪ್ರಾಸ ತಪ್ಪಿದ ಕವಿತೆಗೆ ಹೋಲಿಸಿಕೊಳ್ಳುವ ಚರಣವನ್ನೇ ಗಮನವಿಟ್ಟು ಕೇಳಿ. ಪ್ರಾಸ ತಪ್ಪಿತೆಂದು ಹೇಳುವ ಸಾಲಿಗೇ ಮುಂದಿನ ಸಾಲು ಚೊಕ್ಕವಾಗಿ ಪ್ರಾಸ ಕೂಡಿಸಿಕೊಡುತ್ತದೆ. ತಾಳ ಎಲ್ಲೂ ಎಡವುವುದಿಲ್ಲ, ಶ್ರುತಿ ಎಲ್ಲೂ ಜಾರುವುದಿಲ್ಲ. ಇದನ್ನು ವ್ಯಂಗ್ಯ ಎಂದು ಕರೆದು ಹಾಡನ್ನು ಕಾಪಾಡಬಹುದು. ಆದರೆ ವ್ಯಂಗ್ಯವಿದ್ದರೆ ಎಲ್ಲೋ ಒಂದೆಡೆ ಕಚ್ಚಬೇಕು. ಇದು ಎಲ್ಲೂ ಕಚ್ಚುವುದಿಲ್ಲ.

ಬೇಸರವಾಗುವುದು ಮದ್ದು ಅದೇ ಆಲ್ಬಂನಲ್ಲಿ ಇತ್ತು ಎಂಬುದಕ್ಕೆ. ಅದರ ಮೊದಲ ಹಾಡು ‘ಸ್ಕಾರ್ಬರೋ ಫೇರ್/ಕ್ಯಾಂಟಿಕಲ್’ನಲ್ಲಿ ಹಳೆಯ ಇಂಗ್ಲಿಷ್ ಜನಪದ ಗೀತೆಯ ಅಡಿಯಲ್ಲೇ ಯುದ್ಧದ ಇನ್ನೊಂದು ಹಾಡು ಹರಿಯುತ್ತದೆ. ಕೊನೆಯದರಲ್ಲಿ ‘ಸೈಲೆಂಟ್ ನೈಟ್’ ಹಾಡುತ್ತಿರುವಾಗಲೇ ರೇಡಿಯೊ ವಾರ್ತೆ ಅದನ್ನು ನುಂಗುತ್ತ ಬರುತ್ತದೆ. ಎರಡು ದನಿಗಳು ಒಂದೇ ಹೊತ್ತಿನಲ್ಲಿ, ಒಂದನ್ನೊಂದು ಕೇಳಿಸಿಕೊಳ್ಳದೆ ಸಾಗುವ ವಿದ್ಯೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ವಿದ್ಯೆಯನ್ನು ಯಾವ ಹಾಡು ಬೇಡುತ್ತಿತ್ತೋ ಅದೊಂದಕ್ಕೇ ಕೊಡಲಿಲ್ಲ. ಅವನ ಸಾಲು ಸೈಮನ್‌ಗೆ, ಅವಳ ಮೌನ ಗಾರ್‌ಫಂಕೆಲ್‌ಗೆ ಹಂಚಿ, ಇಬ್ಬರೂ ಅಡ್ಡಡ್ಡ ಹಾಯುವಂತೆ ಮಾಡಿದ್ದರೆ ಹಾಡು ಎಲ್ಲಿಗೋ ಹೋಗುತ್ತಿತ್ತು.

ಎರಡು ವರ್ಷದ ನಂತರ 1968ರ ‘ಬುಕ್‌ಎಂಡ್ಸ್’ನಲ್ಲಿ ‘ಓವರ್ಸ್’ ಬಂದಿತು. ಅದೂ ಮುಗಿದುಹೋದ ಸಂಸಾರದ ಹಾಡೇ. ‘ದಿ ಗ್ರಾಜುಯೇಟ್’ ಚಿತ್ರಕ್ಕೆಂದು ಕೊಟ್ಟಾಗ ನಿರ್ದೇಶಕ ಮೈಕ್ ನಿಕೋಲ್ಸ್ ಬೇಡವೆಂದದ್ದು. ಅಲ್ಲಿ ಪಿಟೀಲಿಲ್ಲ, ಕವಿಗಳಿಲ್ಲ, ನೆಟ್ಟಗೆ ನಿಲ್ಲದ ಗಿಟಾರ್ ಮಾತ್ರ. ನಡುವೆ ಸಿಗರೇಟು ಹಚ್ಚಿ ದಮ್ಮೆಳೆಯುವ ಸದ್ದು ಕೇಳುತ್ತದೆ. ಹಳಸಿದ ಮನೆಯ ಗಾಳಿ ಆ ಒಂದು ದಮ್ಮಿನಲ್ಲಿ ಇಡಿಯಾಗಿ ಬಂದುಬಿಡುತ್ತದೆ. ಸಾಹಿತ್ಯದಲ್ಲಿ ‘ಡ್ಯಾಂಗ್ಲಿಂಗ್ ಕಾನ್ವರ್ಸೇಷನ್’ ಒಂದು ಕೈ ಮೇಲೆ. ಹಾಡಾಗಿ ಗೆಲ್ಲುವುದು ‘ಓವರ್ಸ್’.

ಕೇಳುವವರು ‘ಓವರ್ಸ್’ ಮೊದಲು ಕೇಳಿ, ಆಮೇಲೆ ಇದಕ್ಕೆ ಬನ್ನಿ. ಮೊದಲ ಸಲ ಪದಗಳಿಗಷ್ಟೇ ಕಿವಿ ಕೊಡಿ. ಪಿಟೀಲುಗಳಿಗೆ ಆಮೇಲೂ ಸಮಯವಿದೆ.