ತನ್ನ ಅಂಗಳದ ಸುದ್ದಿ ಬರೆಯದ ವಿಭಾಗ

ರಾಜ್ಯದ ಯಾವುದಾದರೊಂದು ಸರ್ಕಾರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗಕ್ಕೆ ಹೋಗಿ, ಅಲ್ಲಿನ ವಿದ್ಯಾರ್ಥಿಗಳು ಹೊರತರುವ ಪ್ರಾಯೋಗಿಕ ಪತ್ರಿಕೆಯನ್ನು ಕೇಳಿ ಪಡೆಯಿರಿ. ಬಹುತೇಕ ಕಡೆ ಮುಖಪುಟದಲ್ಲೊಂದು ದೀಪ ಉರಿಯುತ್ತಿರುತ್ತದೆ. ನಡುವೆ ಕುಲಪತಿಗಳು, ಒಂದು ಪಕ್ಕ ಕುಲಸಚಿವರು, ಇನ್ನೊಂದು ಪಕ್ಕ ವಿಭಾಗದ ಮುಖ್ಯಸ್ಥರು. ಕೆಳಗೆ ವರದಿ: ಇಂಥ ದಿನ, ಇಂಥ ಸಭಾಂಗಣದಲ್ಲಿ ಒಂದು ದಿನದ ವಿಚಾರ ಸಂಕಿರಣವನ್ನು ಹಮ್ಮಿಕೊಳ್ಳಲಾಗಿತ್ತು. ಮೊದಲ ಪ್ಯಾರಾದಲ್ಲಿ ಉದ್ಘಾಟಿಸಿದವರು, ಎರಡನೆಯದರಲ್ಲಿ ಅಧ್ಯಕ್ಷತೆ ವಹಿಸಿದವರು, ಮೂರನೆಯದರಲ್ಲಿ ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಅಲ್ಲಿ ಯಾರು ಏನು ಹೇಳಿದರು, ಯಾರಾದರೂ ಎದ್ದುನಿಂತು ಒಪ್ಪುವುದಿಲ್ಲ ಎಂದರೇ ಎಂಬುದು ದುರ್ಬೀನು ಹಾಕಿದರೂ ಸಿಗದು. ಈ ವರದಿ ಬರೆದ ಹುಡುಗಿಯೇ ಪರೀಕ್ಷೆಯಲ್ಲಿ, ಮುಖ್ಯವಾದುದನ್ನು ಮೊದಲು ಹೇಳುವ ತಲೆಕೆಳಗಾದ ಪಿರಮಿಡ್‌ನ ಬಗ್ಗೆ ಚಿತ್ರ ಸಮೇತ ಹತ್ತು ಅಂಕದ ಉತ್ತರ ಬರೆದು ಬಂದಿರುತ್ತಾಳೆ. ಅವಳಿಗೆ ಸುದ್ದಿ ಯಾವುದೆಂದು ಗೊತ್ತಿಲ್ಲವೆಂದಲ್ಲ. ಈ ಅಂಗಳದಲ್ಲಿ ಅದನ್ನು ಬರೆಯುವ ಹಾಗಿಲ್ಲ ಎಂಬುದೂ ಗೊತ್ತು.

ಎಂಸಿಜೆ, ಅಂದರೆ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ಓದಿನ ಮೇಲೆ ಇರುವ ದೂರುಗಳಿಗೆ ಲೆಕ್ಕವಿಲ್ಲ: ಪಠ್ಯಕ್ರಮ ಹಳತು, ಕ್ಯಾಮೆರಾ ಕೆಟ್ಟಿದೆ, ಸ್ಟುಡಿಯೋಗೆ ಬೀಗ. ಎಲ್ಲವೂ ಇರಬಹುದು. ನನಗೆ ಅವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ದೀಪದ ಫೋಟೋ.

ಈ ಓದು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಪತ್ರಿಕೋದ್ಯಮ ತರಗತಿ ತೆರೆದ ಹತ್ತು ವರ್ಷಕ್ಕೆ, 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಅದನ್ನು ಶುರುಮಾಡಿದರು. ಭಾರತದ ಪತ್ರಿಕೆಗಳ ಚರಿತ್ರೆಯನ್ನು ಬರೆದುಕೊಟ್ಟವರೂ ಅವರೇ. ಅದಕ್ಕೂ ಮುಂಚಿನ ಮಾತು ಇನ್ನೂ ಸೊಗಸು. ಅದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ನಡೆಸಿದರು. ಅದರ ಹೆಸರು ಆಕಾಶವಾಣಿ. ಸಂವಹನ ಎಂಬ ವಿಷಯವೇ ವಿಶ್ವವಿದ್ಯಾಲಯಕ್ಕೆ ಕಾಲಿಡದ ಹೊತ್ತಿನಲ್ಲಿ ಒಬ್ಬ ಮೇಷ್ಟರು ಊರಿಗೆ ರೇಡಿಯೋ ಕೇಳಿಸಿದರು. ಇಂದು ವಿಭಾಗವಿದೆ, ಸೆಮಿಸ್ಟರಿದೆ, ಆಂತರಿಕ ಮೌಲ್ಯಮಾಪನವಿದೆ. ಕ್ಯಾಂಪಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಮಾತ್ರ ಊರಿನ ದಿನಪತ್ರಿಕೆಯನ್ನೇ ಓದಬೇಕು.

ಪಾಠದ ವಿಚಾರಕ್ಕೆ ಬರೋಣ. ಸಂವಹನ ಸಿದ್ಧಾಂತವೆಂದರೆ ಹ್ಯಾರಲ್ಡ್ ಲಾಸ್ವೆಲ್ 1948ರಲ್ಲಿ ಕೊಟ್ಟ ಸೂತ್ರ, ಮರುವರ್ಷ ಬಂದ ಶಾನನ್ ಮತ್ತು ವೀವರ್ ಮಾದರಿ, ಆಮೇಲೆ ಎವರೆಟ್ ರೋಜರ್ಸ್. ಇವರನ್ನು ಓದಬಾರದೆಂದು ನಾನು ಹೇಳಲಾರೆ. ಓದುವ ರೀತಿ ನೋಡಿದರೆ ಮಾತ್ರ ಬೇಸರವಾಗುತ್ತದೆ: ಚೌಕ, ಬಾಣ, ಚೌಕ, ಕೊನೆಗೆ ಅನುಕೂಲಗಳು ಮತ್ತು ಮಿತಿಗಳು. ಒಂದು ಉದಾಹರಣೆ ನೋಡಿ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿದ ಸೈಟ್ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದು ನಡೆದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳಲ್ಲಿ. ಅಭಿವೃದ್ಧಿ ಸಂವಹನದ ಪಾಠದಲ್ಲಿ ಇದಕ್ಕೊಂದು ಪ್ಯಾರಾ ಇದ್ದೇ ಇರುತ್ತದೆ. ಆದರೆ ಆ ಪಾಠ ಕೇಳುತ್ತ ಕೂತವರಲ್ಲಿ ಅದೇ ಜಿಲ್ಲೆಗಳ ಹಳ್ಳಿಯಿಂದ ಬಂದವರಿರುತ್ತಾರೆ. ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಕೂತು ನೋಡಿದ ಆ ಪೆಟ್ಟಿಗೆಯನ್ನು ನೆನಪಿಟ್ಟುಕೊಂಡ ಅಜ್ಜ ಅಜ್ಜಿ ಆ ಹಳ್ಳಿಗಳಲ್ಲಿ ಇನ್ನೂ ಇದ್ದಾರು. ರಜೆಗೆ ಊರಿಗೆ ಹೋದಾಗ ಅವರನ್ನು ಮಾತಾಡಿಸಿಕೊಂಡು ಬಾ, ಏನು ನೋಡಿದಿರಿ, ಅದರಿಂದ ಹೊಲದಲ್ಲಿ ಏನಾದರೂ ಬದಲಾಯಿತೇ ಎಂದು ಕೇಳು ಎಂದು ಕಳಿಸಿದರೆ ಸಿದ್ಧಾಂತ, ವರದಿಗಾರಿಕೆ, ಸಂಶೋಧನಾ ವಿಧಾನ ಮೂರೂ ಒಂದೇ ಕೆಲಸದಲ್ಲಿ ಮುಗಿಯುತ್ತವೆ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯ ಬಗ್ಗೆಯೂ ಇದೇ ಮಾತು. ಎರಡು ಅಂಕದ ಟಿಪ್ಪಣಿಗೆ ಬರುತ್ತದೆ, ಬಸ್ಸು ಹತ್ತಿ ಹೋಗಿ ನೋಡಲು ಬರುವುದಿಲ್ಲ.

ಮಾಧ್ಯಮ ಕಾನೂನಿನ ಪಾಠದ ಕಥೆ ಚಿಕ್ಕದು. 1867ರ ಮುದ್ರಣ ಮತ್ತು ನೋಂದಣಿ ಕಾಯ್ದೆಯ ಜಾಗಕ್ಕೆ 2024ರ ಮಾರ್ಚಿನಿಂದ ಹೊಸ ಕಾಯ್ದೆ ಬಂದಿದೆ. ಮಾನನಷ್ಟದ ಅಪರಾಧ ಐಪಿಸಿಯ 499, 500ರಿಂದ ಭಾರತೀಯ ನ್ಯಾಯ ಸಂಹಿತೆಯ 356ಕ್ಕೆ ಹೋಗಿದೆ. ಜೆರಾಕ್ಸ್ ಅಂಗಡಿಯ ನೋಟ್ಸಿಗೆ ಈ ಸುದ್ದಿ ಯಾವಾಗ ಮುಟ್ಟುತ್ತದೋ.

ಪತ್ರಿಕಾ ಕಚೇರಿಗಳಲ್ಲಿ ಈ ಓದಿನ ಬಗ್ಗೆ ಮೊದಲಿನಿಂದಲೂ ಒಂದು ತಾತ್ಸಾರವಿದೆ. ಮೆಟ್ರಿಕ್ ದಾಟದ ಡಿವಿಜಿ ಪತ್ರಿಕೆ ನಡೆಸಲಿಲ್ಲವೇ, ಇಂಗ್ಲಿಷ್ ಮೇಷ್ಟರ ಕೆಲಸ ಬಿಟ್ಟ ಲಂಕೇಶ್ 1980ರಲ್ಲಿ ಪತ್ರಿಕೆ ತೆಗೆದು ಸರ್ಕಾರಗಳ ನಿದ್ದೆ ಕೆಡಿಸಲಿಲ್ಲವೇ ಎನ್ನುತ್ತಾರೆ ಹಿರಿಯರು. ನಿಜ, ಆದರೆ ಎಲ್ಲರೂ ಡಿವಿಜಿ ಅಲ್ಲ. ಇಂದು ಕನ್ನಡದ ಡೆಸ್ಕುಗಳಲ್ಲಿ, ಜಿಲ್ಲಾ ವರದಿಗಾರರ ಸಾಲಿನಲ್ಲಿ ಕೂತವರನ್ನು ವಿಚಾರಿಸಿದರೆ ಅನೇಕರು ಇದೇ ವಿಭಾಗಗಳಿಂದ ಬಂದವರು. ಅದಕ್ಕೊಂದು ಕಾರಣವಿದೆ. ಲಕ್ಷಗಟ್ಟಲೆ ಶುಲ್ಕದ ಖಾಸಗಿ ಮಾಧ್ಯಮ ಶಾಲೆಗೆ ಸಿಂಧನೂರಿನ, ಹೆಗ್ಗಡದೇವನಕೋಟೆಯ ಕೂಲಿಕಾರರ ಮಕ್ಕಳು ಹೋಗಲಾರರು. ಸರ್ಕಾರಿ ವಿಶ್ವವಿದ್ಯಾಲಯದ ಒಂದೇ ಬೆಂಚಿನಲ್ಲಿ ಮೂರು ತಾಲ್ಲೂಕಿನ ಮೂರು ಕನ್ನಡ ಕೂತಿರುತ್ತದೆ. ಬಿತ್ತನೆ ಬೀಜದ ಸಾಲು, ವಸತಿ ಶಾಲೆಯ ಊಟ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯ ಅಲೆದಾಟ ಇವು ಅವರಿಗೆ ಸ್ಟೋರಿ ಐಡಿಯಾಗಳಲ್ಲ, ಮನೆಯ ಮಾತು. ಇಷ್ಟು ದೊಡ್ಡ ವರದಿಗಾರರ ಜಾಲ ಯಾವ ಪತ್ರಿಕೆಗೂ ಇಲ್ಲ. ಆ ಹುಡುಗರ ಮಾತಿನ ಕನ್ನಡವನ್ನು ಎರಡು ವರ್ಷ ತಿಕ್ಕಿ ತಿಕ್ಕಿ ‘ಹಮ್ಮಿಕೊಳ್ಳಲಾಗಿತ್ತು’ ಎಂಬ ಕನ್ನಡಕ್ಕೆ ತಂದು ನಿಲ್ಲಿಸುವುದು ಮಾತ್ರ ಸಣ್ಣ ಅನ್ಯಾಯವಲ್ಲ.

ಸಾಫ್ಟ್‌ವೇರ್ ಬರುವುದಿಲ್ಲ, ವಿಡಿಯೋ ಕತ್ತರಿಸಲು ಬರುವುದಿಲ್ಲ ಎಂಬ ಮಾಧ್ಯಮ ಸಂಸ್ಥೆಗಳ ಗೊಣಗಾಟವನ್ನು ನಾನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅವನ್ನು ಡೆಸ್ಕಿನಲ್ಲಿ ಕೂತ ಹುಷಾರಿನ ಹುಡುಗ ತಿಂಗಳಲ್ಲಿ ಕಲಿಯುತ್ತಾನೆ. ಅಧಿಕಾರಿಯ ಎದುರು ಕೂತು, ಅವರು ಕೊಟ್ಟ ಕಾಫಿ ಕುಡಿದು, ಆಮೇಲೂ ಕೇಳಬೇಕಾದ ಪ್ರಶ್ನೆಯನ್ನು ಕೇಳುವುದನ್ನು ಡೆಸ್ಕ್ ಕಲಿಸುವುದಿಲ್ಲ.

ಅದನ್ನು ಕಲಿಯಲು ವಿಶ್ವವಿದ್ಯಾಲಯಕ್ಕಿಂತ ಒಳ್ಳೆಯ ಬೀಟ್ ಇಲ್ಲ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಇಲ್ಲೊಂದು ಸಿಂಡಿಕೇಟ್ ಇದೆ, ವಿದ್ಯಾವಿಷಯಕ ಪರಿಷತ್ತಿದೆ, ಹಣಕಾಸು ಅಧಿಕಾರಿ ಇದ್ದಾರೆ. ವಾರ್ಷಿಕ ವರದಿ, ಲೆಕ್ಕಪತ್ರ ವಿಧಾನಮಂಡಲದ ಮುಂದೆ ಹೋಗುತ್ತವೆ. ಟೆಂಡರ್ ಇದೆ, ಆಡಿಟ್ ಆಕ್ಷೇಪಣೆ ಇದೆ, ಹಾಸ್ಟೆಲ್ ಇದೆ, ನಿವೃತ್ತರ ಪಿಂಚಣಿಯ ತಗಾದೆ ಇದೆ. ಒಂದು ಸಣ್ಣ ಸರ್ಕಾರವೇ ನಡೆದು ಮುಟ್ಟುವ ದೂರದಲ್ಲಿ ಇದೆ. ನಾಲ್ಕು ವರ್ಷದ ಪದವಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದಾಗ, 2025ರ ಆರಂಭದಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತನ್ನು ಸಚಿವ ಸಂಪುಟದ ಉಪಸಮಿತಿ ಎತ್ತಿದಾಗ ಸುದ್ದಿ ತರಗತಿಯ ಬಾಗಿಲಿಗೇ ಬಂದು ನಿಂತಿತ್ತು.

ಹಾಗಾದರೆ ಏಕೆ ಬರೆಯುವುದಿಲ್ಲ? ಹೆದರಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮೇಷ್ಟರುಗಳನ್ನು ಹಂಗಿಸುವುದು ಸುಲಭ. ಪಾಠ ಮಾಡುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. ನೆಟ್ ಅಥವಾ ಕೆ-ಸೆಟ್ ಪಾಸಾಗಿ, ಪಿಎಚ್‌ಡಿ ಮುಗಿಸಿ, ಪ್ರತಿ ವರ್ಷ ಮರುನೇಮಕಕ್ಕೆ ಕಾಯುವವರು. ಅವರ ಕಡತಕ್ಕೆ ಸಹಿ ಹಾಕುವವರ ಕಚೇರಿಯ ಮೇಲೆಯೇ ವರದಿ ಮಾಡಿ ಎಂದು ಅವರು ಮಕ್ಕಳಿಗೆ ಹೇಗೆ ಹೇಳಬೇಕು? ಖಾಯಂ ಪ್ರಾಧ್ಯಾಪಕರಿಗೂ ಬಡ್ತಿ, ಪ್ರಯೋಗಾಲಯದ ಅನುದಾನ ಎಂದು ಹತ್ತು ಹಂಗುಗಳಿವೆ. ಆಂತರಿಕ ಅಂಕ ಮೇಷ್ಟರ ಕೈಯಲ್ಲಿ, ಮೇಷ್ಟರ ಆದೇಶ ಕುಲಸಚಿವರ ಕೈಯಲ್ಲಿ. ಪತ್ರಿಕಾ ಸ್ವಾತಂತ್ರ್ಯದ ಪಾಠ ಈ ಸರಪಳಿಯ ಒಳಗೆ ನಡೆಯುತ್ತಿದೆ. ಹಾಗಾಗಿ ಪ್ರಾಯೋಗಿಕ ಪತ್ರಿಕೆಗೆ ಸಂಪಾದಕರು ವಿದ್ಯಾರ್ಥಿಗಳೇ ಆಗಬೇಕು, ಅಚ್ಚಿಗೆ ಹೋಗುವ ಮುನ್ನ ಅದನ್ನು ಆಡಳಿತ ಕಚೇರಿ ನೋಡುವಂತಿಲ್ಲ ಎಂದು ಸಿಂಡಿಕೇಟೇ ಒಂದು ಠರಾವು ಮಾಡುವವರೆಗೆ ದೀಪದ ಫೋಟೋ ಮುಖಪುಟದಿಂದ ಇಳಿಯುವುದಿಲ್ಲ. ಅಂಥ ಠರಾವಿಗೆ ಸಿಂಡಿಕೇಟ್ ತಾನಾಗಿ ಮನಸ್ಸು ಮಾಡೀತು ಎಂಬ ಭ್ರಮೆ ನನಗಿಲ್ಲ.

ಅಲ್ಲಿಯವರೆಗೆ ಒಂದು ಕೆಲಸವನ್ನು ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದು. ವಿಶ್ವವಿದ್ಯಾಲಯ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಅರ್ಜಿ ಹಾಕಲು ವಿದ್ಯಾರ್ಥಿಯೆಂಬ ಗುರುತು ಬೇಡ, ನಾಗರಿಕನಾಗಿದ್ದರೆ ಸಾಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರದಂತೆ. ಬಿಗಿಯಾಗಿ ಬರೆಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ನೋಡಿಲ್ಲ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೇಲ್ಮನವಿ. ಸೆಮಿಸ್ಟರ್ ಆರಂಭದಲ್ಲಿ ಹಾಕಿದರೆ ಪರೀಕ್ಷೆಗೆ ಮುಂಚೆ ಎರಡೂ ಹಂತದ ಅನುಭವವಾಗುತ್ತದೆ. ಮೊದಲ ಅರ್ಜಿ ಯಾವುದರ ಬಗ್ಗೆ ಇರಲಿ ಎಂದು ಯಾರಾದರೂ ಕೇಳಿದರೆ: ತಮ್ಮ ವಿಭಾಗಕ್ಕೆ ಮಂಜೂರಾದ ಬೋಧಕ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ವರ್ಷದಿಂದ ಖಾಲಿ.