ಹೊಂಗೆ ಚಿಗುರುವ ಹೊತ್ತು

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಚಳಿ ಹೊರಟ ಬೆನ್ನಿಗೇ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪೊರಕೆಯ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಬರೀ ದೂಳು ಗುಡಿಸುತ್ತಿದ್ದ ಕಡ್ಡಿಪೊರಕೆ ಈಗ ಗರಗರ ಎನ್ನುತ್ತದೆ. ರಾತ್ರಿಯೆಲ್ಲ ಉದುರಿದ ಹೊಂಗೆ ಎಲೆ ಮೋರಿಯ ಅಂಚಿನಲ್ಲಿ ಗುಪ್ಪೆಗುಪ್ಪೆಯಾಗಿ ಕೂರುತ್ತದೆ. ಪೌರಕಾರ್ಮಿಕರು ಗುಡಿಸುತ್ತ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಮನೆಯ ಮುಂದೆ ಮತ್ತೊಂದು ಹಾಸು ಬಿದ್ದಿರುತ್ತದೆ. ಆ ಗರಗರ ಕಿವಿಗೆ ಬಿತ್ತೆಂದರೆ ನನಗೆ ಮನೆಯೊಳಗೆ ಕೂರಲಾಗುವುದಿಲ್ಲ.

ನಮ್ಮ ಸೀಮೆಯ ವಸಂತದ ಸೊಗಸೇ ಬೇರೆ. ನೆಲ ಒಣಗಿ ಬಿರಿಯುವ, ಕೆರೆಯ ನೀರು ಇಳಿಯುವ, ಮಳೆ ಇನ್ನೂ ದೂರದಲ್ಲಿರುವ ಕಾಲಕ್ಕೇ ಅದು ಬರುತ್ತದೆ. ಎಲೆ ಉದುರುವುದಕ್ಕೂ ಚಿಗುರುವುದಕ್ಕೂ ನಡುವೆ ಇಲ್ಲಿ ಒಂದು ದೀರ್ಘ ಋತುವೇ ಕಳೆಯಬೇಕಿಲ್ಲ. ಒಂದೇ ಕೊಂಬೆಯ ಬುಡದಲ್ಲಿ ಹಳೆಯ ಎಲೆ ಕಳಚುತ್ತಿರುವಾಗ ತುದಿಯಲ್ಲಿ ಹೊಸ ಕುಡಿ ಒಡೆದಿರುತ್ತದೆ. ಈ ಕೊಡುವ ಪಡೆಯುವ ಆಟವನ್ನು ನೋಡಲು ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕಿಲ್ಲ. ಗೇಟು ತೆರೆದು ಹತ್ತು ಹೆಜ್ಜೆ ಹಾಕಿ, ತಲೆ ಎತ್ತಿದರೆ ಸಾಕು.

ಹೊಂಗೆ ಬೋಳಾಗಿ ನಿಲ್ಲುವುದು ತೀರಾ ಸ್ವಲ್ಪ ಕಾಲ. ಕಡ್ಡಿಯ ಗಿಣ್ಣಿನಲ್ಲಿ ಮೊದಲು ಒಂದು ಸಣ್ಣ ಉಬ್ಬು. ಆಮೇಲೆ ಅದು ಬಿರಿದು ತಾಮ್ರದ ಛಾಯೆಯ ಎಳಸೊಂದು ಇಣುಕುತ್ತದೆ. ದಿನ ಕಳೆದಂತೆ ತಾಮ್ರ ತಿಳಿಯಾಗಿ, ಮತ್ತೂ ತಿಳಿಯಾಗಿ, ಕೊನೆಗೆ ಹಸಿರಾಗುತ್ತದೆ. ಆ ಹಸಿರನ್ನು ಏನೆಂದು ಬಣ್ಣಿಸಲಿ! ಅದರಲ್ಲಿ ಹಳದಿಯ ಪಾಲು ಧಾರಾಳವಾಗಿದೆ, ಕಪ್ಪಿನ ಸೋಂಕು ಒಂದಿಷ್ಟೂ ಇಲ್ಲ. ಒಂದು ಕಡ್ಡಿಗೆ ಐದೋ ಏಳೋ ಎಲೆ. ಜೋಡಿಜೋಡಿಯಾಗಿ ಇಕ್ಕೆಲದಲ್ಲಿ, ತುದಿಗೊಂದು ಒಂಟಿಯಾಗಿ. ಎಳೆಯದರಲ್ಲಿ ಅವಕ್ಕೆ ನೆಟ್ಟಗೆ ನಿಲ್ಲುವ ಕಸುವಿಲ್ಲ, ಮೆತ್ತಗೆ ಜೋಲುತ್ತವೆ. ಕೈಗೆಟುಕುವ ಕೊಂಬೆಯಿದ್ದರೆ ಒಮ್ಮೆ ಮುಟ್ಟಿ ನೋಡಿ. ತಣ್ಣಗಿದೆ. ನುಣ್ಣಗಿದೆ. ಬೆರಳ ಮೇಲೆ ಇಟ್ಟುಕೊಂಡರೆ ಭಾರವೇ ತಿಳಿಯುವುದಿಲ್ಲ. ಮೇಲ್ಮೈಗೆ ಯಾರೂ ಉಜ್ಜಿ ತರಲಾಗದ ಮೆರುಗು.

ಈ ಎಲೆಯನ್ನು ನೋಡುವುದಕ್ಕೂ ಒಂದು ಹೊತ್ತುಂಟು, ಒಂದು ದಿಕ್ಕುಂಟು. ಬೆಳಿಗ್ಗೆ ಏಳೂವರೆ ಎಂಟರ ಬಿಸಿಲಿನಲ್ಲಿ ಮರದ ಪಡುವಣ ಬದಿಗೆ ನಿಂತು, ಸೂರ್ಯನನ್ನು ಮರದ ಆಚೆಗಿಟ್ಟುಕೊಂಡು ನೋಡಬೇಕು. ಬೆಳಕು ಎಲೆಯ ಮೇಲೆ ಬೀಳುವುದು ಬೇರೆ, ಎಲೆಯನ್ನು ಹಾದು ಬರುವುದು ಬೇರೆ. ಹಾದು ಬಂದ ಬೆಳಕಿನಲ್ಲಿ ಒಂದೊಂದು ನರವೂ ಕಾಣುತ್ತದೆ. ಆಗ ಕೊಂಬೆಗಳಷ್ಟೇ ಅಲ್ಲ, ಕೆಳಗಿನ ಟಾರು ರಸ್ತೆ, ಕಾಂಪೌಂಡ್ ಗೋಡೆ, ನಿಲ್ಲಿಸಿದ ಸ್ಕೂಟರಿನ ಸೀಟು, ಹಾಲು ತರಲು ಹೊರಟವರ ಬಿಳಿ ಅಂಗಿ, ಎಲ್ಲಕ್ಕೂ ತೆಳುಹಸಿರು ಹತ್ತುತ್ತದೆ. ನಾಲ್ಕು ದಿನ ಬಿಟ್ಟು ಬಂದರೆ ಎಲೆ ಗಟ್ಟಿಯಾಗಿ, ಬಣ್ಣ ಗಾಢವಾಗಿ, ನೆರಳು ದಟ್ಟವಾಗಿರುತ್ತದೆ. ಬೇಸಿಗೆಯುದ್ದಕ್ಕೂ ನಾವು ನಿಂತು ಉಸಿರು ಬಿಡುವ ತಂಪಾದ ಹೊಂಗೆ ನೆರಳು ನೇಯ್ದುಕೊಳ್ಳುವುದು ಈ ಕೆಲವೇ ದಿನಗಳಲ್ಲಿ.

ಮಳೆಯ ಸುಳಿವೇ ಇಲ್ಲದಾಗ ಮರಗಳೇಕೆ ಚಿಗುರುತ್ತವೆ? ಬೇರು ಆಳದ ತೇವವನ್ನು ಮುಟ್ಟಿರುತ್ತದೆ ಎಂಬುದು ಉತ್ತರದ ಒಂದು ಭಾಗ. ಇನ್ನೊಂದು ಭಾಗ ಇನ್ನೂ ರುಚಿಕರ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಮುದುಮಲೆಯ ಎಲೆಯುದುರುವ ಕಾಡನ್ನು ಅಭ್ಯಾಸ ಮಾಡಿ 1993ರಲ್ಲಿ ಪ್ರಕಟಿಸಿದ ಬರಹದಲ್ಲಿ ಅದಿದೆ. ಒಣ ದಿನಗಳಲ್ಲೇ ಮುಂಚಿತವಾಗಿ ಚಿಗುರುವ ಮರಗಳ ಎಲೆಗೆ ಹುಳುಹುಪ್ಪಟೆಯ ಬಾಧೆ ಕಡಿಮೆ, ಮಳೆ ಬಿದ್ದ ಮೇಲೆ ಚಿಗುರುವವಕ್ಕೆ ಹೆಚ್ಚು. ಮಳೆಯೊಂದಿಗೆ ಕೀಟಗಳ ದಂಡು ಬರುವಷ್ಟರಲ್ಲಿ ಮೊದಲೇ ಹುಟ್ಟಿದ ಎಲೆ ಬಲಿತು ಒರಟಾಗಿರುತ್ತದೆ. ಬಿಸಿಲಿನ ನಟ್ಟನಡುವೆ ಕಾಣುವ ಈ ಮಾರ್ದವದ ಹಿಂದೆ ಎಂಥ ಮುಂದಾಲೋಚನೆ! ಇದನ್ನು ತಿಳಿದ ಮೇಲೆ ನನಗೆ ಹೊಂಗೆಯ ಹಸಿರು ಇನ್ನಷ್ಟು ಸವಿಯೆನಿಸಿದೆ.

ಹಸಿರಿಗೆ ಮುನ್ನ ಬರುವ ಕೆಂಪನ್ನೂ ಬಿಡಬಾರದು. ಮಾವಿನ ಚಿಗುರಿನ ಕಂದುಗೆಂಪು, ಬೇವಿನ ಕುಡಿಯ ಮಾಸಲು ತಾಮ್ರ, ಅರಳಿಯ ಎಳೆ ಎಲೆಯ ಗುಲಾಬಿ: ಮೂರೂ ಬೇರೆ ಬೇರೆ ಕೆಂಪು. ಎಳೆ ಎಲೆಯಲ್ಲಿ ಹಸಿರು ಇನ್ನೂ ತುಂಬಿರದ ಹೊತ್ತಿನಲ್ಲಿ ಆಂಥೋಸಯನಿನ್ ಎಂಬ ಈ ಕೆಂಪು ಬಣ್ಣ ಅದನ್ನು ಸುಡುಬಿಸಿಲಿನಿಂದ ಕಾಯುತ್ತದೆ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ನನಗೆ ಹೆಚ್ಚು ಪ್ರಿಯವಾದದ್ದು ಅರಳಿಯದು. ಉದ್ದನೆಯ, ತೆಳ್ಳನೆಯ ತೊಟ್ಟಿಗೆ ಅಗಲದ ಎಲೆ. ಗಾಳಿ ಇದೆಯೆಂದು ನಮ್ಮ ಕೆನ್ನೆಗೆ ತಿಳಿಯುವ ಮೊದಲೇ ಅದಕ್ಕೆ ತಿಳಿದಿರುತ್ತದೆ. ಅರಳಿಕಟ್ಟೆಯ ಮೇಲೆ ಒಂದರ್ಧ ಗಂಟೆ ಕುಳಿತರೆ ಗುಲಾಬಿ ಬಣ್ಣದ ಸಾವಿರ ಎಲೆಗಳ ಸಣ್ಣ ಚಟಪಟವನ್ನು ಕಣ್ಣು ಮುಚ್ಚಿಯೂ ಸವಿಯಬಹುದು.

ಇಂಥ ಬೀದಿಗಳು ತಾವಾಗಿ ಹುಟ್ಟಿದವಲ್ಲ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕೆ ತಜ್ಞ ಜಿ. ಎಚ್. ಕ್ರುಂಬಿಗೆಲ್, ಒಂದು ಮರದ ಹೂವಿನ ಕಾಲ ಮುಗಿಯುವಾಗ ಇನ್ನೊಂದರದು ಶುರುವಾಗುವಂತೆ ಜಾತಿಗಳನ್ನು ಆರಿಸಿ ಬೆಂಗಳೂರಿನ ರಸ್ತೆಗಳಿಗೆ ಹಂಚಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಮನೆ ಮುಂದಿನ ಮರಕ್ಕೆ ಕೈಯಿಡುವಾಗ, ಯಾರೋ ನೆಟ್ಟು, ಇನ್ಯಾರೋ ಬಿಂದಿಗೆಯಲ್ಲಿ ನೀರೆರೆದು ಉಳಿಸಿದ್ದು ಇದು ಎಂಬ ನೆನಪೂ ಜೊತೆಗಿರಲಿ. ರುಚಿ ಇಮ್ಮಡಿಯಾಗುತ್ತದೆ.

ಕಣ್ಣಿಗಿಂತ ಮೊದಲು ಎಚ್ಚರಗೊಳ್ಳುವುದು ಕಿವಿ. ಬೆಳಕು ಹರಿಯುವ ಮೊದಲೇ ಮಡಿವಾಳ ಹಕ್ಕಿ ಶುರುಮಾಡಿರುತ್ತದೆ. ಕಪ್ಪು ಬಿಳುಪಿನ ಅಚ್ಚುಕಟ್ಟಾದ ಈ ಗಂಡು ಚಳಿಗಾಲವಿಡೀ ಪೊದೆಯ ಬುಡದಲ್ಲಿ ಕರಕರ ಎಂದಷ್ಟೇ ಗೊಣಗುತ್ತಿತ್ತು. ಈಗ ನೀರಿನ ಟ್ಯಾಂಕಿನ ಮೇಲೋ ಕೇಬಲ್ ತಂತಿಯ ಮೇಲೋ ಕುಳಿತು, ಬಾಲವನ್ನು ನಿಗುರಿಸಿ ಇಳಿಸಿ, ಒಂದು ಎಳೆ ಹಾಡುತ್ತದೆ, ನಿಲ್ಲಿಸುತ್ತದೆ, ಅದನ್ನೇ ತುಸು ತಿರುವಿ ಮತ್ತೆ ಹಾಡುತ್ತದೆ. ಆ ನಡುವಿನ ಬಿಡುವು ಎಷ್ಟು ಹದವಾದದ್ದೆಂದರೆ, ಪಕ್ಕದ ಬೀದಿಯ ಇನ್ನೊಂದು ಗಂಡು ಕೊಡುವ ಉತ್ತರ ಸರಿಯಾಗಿ ಅದರೊಳಗೆ ಬಂದು ಕೂರುತ್ತದೆ. ವಾಹನಗಳ ಸದ್ದು ಏಳುವ ಮುನ್ನಿನ ಆ ಅರ್ಧ ಗಂಟೆ ನಮ್ಮ ಬೀದಿಯ ಅತ್ಯುತ್ತಮ ಕಛೇರಿ.

ಬಿಸಿಲೇರಿದ ಮೇಲೆ ಕಂಚುಕುಟಿಗನ ಸರದಿ. ಟುಕ್, ಟುಕ್, ಟುಕ್. ನಿಮಿಷಕ್ಕೆ 100ಕ್ಕೂ ಹೆಚ್ಚು ಬಾರಿ, ಲಯ ತಪ್ಪದೆ. ಗುಬ್ಬಿಗಿಂತ ತುಸುವಷ್ಟೇ ದಪ್ಪಗಿನ ಹಸಿರು ಹಕ್ಕಿ ಅದು. ಹಣೆಯಲ್ಲಿ ಕಡುಗೆಂಪು, ಎದೆಯ ಮೇಲೆ ಕಡುಗೆಂಪು ಪಟ್ಟೆ, ಕಣ್ಣಿನ ಸುತ್ತ ಮತ್ತು ಗಂಟಲಲ್ಲಿ ಉಜ್ಜ್ವಲ ಹಳದಿ, ಕಾಲುಗಳೂ ಕೆಂಪು. ಕೂಗುವಾಗ ಕೊಕ್ಕು ತೆರೆಯುವುದೇ ಇಲ್ಲ. ಗಂಟಲ ಚರ್ಮ ಉಬ್ಬಿ ಇಳಿಯುತ್ತದೆ, ಸದ್ದು ಹೊಮ್ಮುತ್ತದೆ. ಕೂಗುತ್ತಲೇ ತಲೆಯನ್ನು ಅತ್ತಿತ್ತ ಹೊರಳಿಸುವುದರಿಂದ ಸದ್ದು ಒಮ್ಮೆ ಎಡದ ಮನೆಯಿಂದ, ಒಮ್ಮೆ ಬಲದ ಮರದಿಂದ ಬಂದಂತೆ ಕೇಳಿಸುತ್ತದೆ. ಹುಡುಕಬೇಕಾದರೆ ಮರದ ತುತ್ತತುದಿಯ ಒಣಕೊಂಬೆ ನೋಡಿ. ಹಿತ್ತಲಿನಲ್ಲಿ ನುಗ್ಗೆ ಮರವಿದ್ದರೆ ಅದರ ಒಣಗಿದ ರೆಂಬೆಯ ಕೆಳಮೈಯನ್ನೂ ನೋಡಿ. ಗುಂಡಗೆ, ನುಣುಪಾಗಿ ಕೊರೆದ ತೂತೊಂದು ಕಂಡರೆ ಅದು ಅವನ ಮನೆಬಾಗಿಲು. ಬಾಗಿಲು ಕೆಳಮೊಗವಾಗಿರುವುದರಿಂದ ಮಳೆ ಬಂದರೂ ಒಳಗೆ ಹನಿ ಇಳಿಯುವುದಿಲ್ಲ. ಬಡಗಿಯೊಬ್ಬ ನಿಂತು ಮೆಚ್ಚಬೇಕಾದ ಕೆಲಸ.

ಕೋಗಿಲೆಯ ಕುಹೂ ಯಾರಿಗೆ ಗೊತ್ತಿಲ್ಲ? ಆದರೆ ಕೇಳಿದವರಲ್ಲಿ ನೋಡಿದವರು ಕಡಿಮೆ. ಒಂದೊಂದೇ ಮೆಟ್ಟಿಲೇರುತ್ತ, ಹಿಂದಿನದಕ್ಕಿಂತ ಮುಂದಿನದು ಎತ್ತರವಾಗುತ್ತ, ಇನ್ನು ಏರಲಾರದೆಂಬಲ್ಲಿ ತಟ್ಟನೆ ನಿಲ್ಲುವ ಆ ಕೂಗು ಗಂಡಿನದು. ಎಲೆಗಳ ಸಂದಿಯಲ್ಲಿ ಅದರ ನೀಲಿ ಮಿನುಗುವ ಕಪ್ಪು ಮೈ, ಆ ಕಪ್ಪಿನಲ್ಲಿ ಕೆಂಪಗೆ ಹೊಳೆಯುವ ಕಣ್ಣು ಸಿಕ್ಕಿದರೆ ಆ ಬೆಳಗು ಸಾರ್ಥಕ. ಹೆಣ್ಣು ಕಂದು ಮೈಯ ತುಂಬ ಬಿಳಿ ಚುಕ್ಕೆ ಹೊತ್ತ ಚೆಲುವೆ. ಕಿಕ್‌ಕಿಕ್‌ಕಿಕ್ ಎಂದು ಅವಸರದಲ್ಲಿ ಕೂಗಿ, ಕಾಗೆಯ ಗೂಡಿನ ಮೇಲೆ ಒಂದು ಕಣ್ಣಿಟ್ಟು ಮರದಿಂದ ಮರಕ್ಕೆ ಜಾರುತ್ತದೆ.

ಇನ್ನು ಕುಸುರಿ ಕೆಲಸಕ್ಕೆ ಬರೋಣ. ವರಾಂಡದ ಬೋಗನ್‌ವಿಲ್ಲಾ ಬಳ್ಳಿಯಲ್ಲೋ ಬಟ್ಟೆ ಒಣಹಾಕುವ ತಂತಿಯಲ್ಲೋ ಕಸದ ಎಳೆಯೊಂದು ಜೋತಾಡುತ್ತಿದೆ ಎನಿಸಿದರೆ ದಯವಿಟ್ಟು ಗುಡಿಸಿ ಎಸೆಯಬೇಡಿ. ಅದು ಸೂರಕ್ಕಿಯ ಗೂಡಿನ ಮೊದಲ ಗಂಟಿರಬಹುದು. ಹತ್ತು ಗ್ರಾಂ ಆಸುಪಾಸು ತೂಗುವ ಹಕ್ಕಿ ಇದು. ಗಂಡಿಗೆ ಲೋಹದ ಮಿಂಚಿನ ಹಸಿರು ನೆತ್ತಿ, ನೇರಳೆ ಗಂಟಲು, ಹಳದಿ ಹೊಟ್ಟೆ. ಹೆಣ್ಣಿಗೆ ಅಷ್ಟು ಆಡಂಬರವಿಲ್ಲ, ಆದರೆ ಮನೆ ಕಟ್ಟುವ ವಿದ್ಯೆಯೆಲ್ಲ ಅವಳದೇ. ಜೇಡರ ಬಲೆಯನ್ನು ಕೊಕ್ಕಿಗೆ ಸುತ್ತಿ ತಂದು, ಕಡ್ಡಿಗೆ ಅಂಟಿಸಿ, ಎಳೆದು, ಸುತ್ತಿ, ಮತ್ತೆ ತರಲು ಹಾರುತ್ತಾಳೆ. ಒಣ ಹುಲ್ಲಿನ ನಾರು, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ, ಸತ್ತ ಎಲೆಯ ತುಣುಕು, ಎಲ್ಲವನ್ನೂ ಆ ರೇಷ್ಮೆಯಲ್ಲಿ ಹೊಲಿಯುತ್ತಾಳೆ. ಗೂಡಿನ ನೆತ್ತಿ ಕಿರಿದು, ನಡು ಉಬ್ಬು, ಕೆಳಗೆ ಎಳೆಎಳೆಯಾಗಿ ಇಳಿಬಿದ್ದ ಬಾಲ. ಪಕ್ಕದಲ್ಲೊಂದು ಪುಟ್ಟ ಬಾಗಿಲು, ಬಾಗಿಲ ಮೇಲೆ ಬಿಸಿಲು ಮಳೆ ತಡೆಯಲು ಮುಂಚಾಚಿದ ಸೂರು! ಒಳಗೆ ಹತ್ತಿಯ ಹಾಸು. ಹೊರಗಿನ ಒರಟು ವೇಷ ಹಿಡಿದು ನೋಡಿದವರಿಗೆ ಬರೀ ಕಸ. ಒಳಗಿನ ಮೃದು ಎರಡು ಮೊಟ್ಟೆಗಳಿಗೆ ಮಾತ್ರ ಗೊತ್ತು. ಜೇಡರ ನೂಲಿಗೆ ಹಿಗ್ಗುವ ಗುಣವಿರುವುದರಿಂದ ಮರಿ ಬೆಳೆದಂತೆ ಗೂಡೂ ಹಿಗ್ಗುತ್ತದೆ. ಮರಿಗಳಿಗೆ ಊಟ ತರುವಾಗ ಗಂಡೂ ದುಡಿಯುತ್ತಾನೆ.

ಅಷ್ಟರಲ್ಲಿ ಹೊಂಗೆ ಹೂಬಿಟ್ಟಿರುತ್ತದೆ. ಹಸಿರಿನ ಮರೆಯಲ್ಲಿ ಗೊಂಚಲು ಗೊಂಚಲು, ಅವರೆ ಹೂವಿನ ಕುಲದ್ದೇ ಆದ ಪುಟ್ಟ ಹೂ. ಕಂದುನೇರಳೆ ಬಟ್ಟಲು, ನಸುಗುಲಾಬಿ ಸೋಕಿದ ಬಿಳಿ ಎಸಳು, ದೊಡ್ಡ ಎಸಳಿನ ಒಳಗೆ ಮಾತ್ರ ಒಂದು ಹಸಿರು ಮಚ್ಚೆ. ಮರದಡಿ ನಿಂತರೆ ತಲೆಯ ಮೇಲೆ ಇಡೀ ಚಾವಣಿಯೇ ಗುಂಯ್‌ಗುಡುತ್ತದೆ. ತುಡುವೆ ಬಂದಿದೆ, ಹೆಜ್ಜೇನು ಬಂದಿದೆ, ಮರ ಕೊರೆಯುವ ಕಪ್ಪು ದುಂಬಿಯೂ ನೀಲಿ ಮಿಂಚುವ ರೆಕ್ಕೆ ಬಡಿಯುತ್ತ ಬಂದಿದೆ. ದುಂಬಿ ಕೂತ ಭಾರಕ್ಕೆ ಕೆಳಗಿನ ಎಸಳು ಬಾಗಿ, ಅಡಗಿದ್ದ ಕೇಸರ ಹೊರಬಂದು ಅದರ ಹೊಟ್ಟೆಗೆ ಪರಾಗ ಸವರುತ್ತದೆ. ಕೆಲಸ ಮುಗಿದ ಹೂಗಳು ಬಿಡುವಿಲ್ಲದೆ ಉದುರಿ, ಬೆಳಗಾಗುವಷ್ಟರಲ್ಲಿ ಕಾಲುದಾರಿಯುದ್ದಕ್ಕೂ ಅರಳು ಚೆಲ್ಲಿದಂತೆ ಹರಡಿರುತ್ತವೆ. ಕಾಂಪೌಂಡಿನ ಮೇಲೆ ಗಂಡು ಓತಿಕ್ಯಾತ ತಲೆಯಿಂದ ಹೆಗಲವರೆಗೆ ಕೆಂಪೇರಿಸಿಕೊಂಡು, ಗಂಟಲಿಗೆ ಕಪ್ಪು ಮಚ್ಚೆ ತೊಟ್ಟು, ಹೆಣ್ಣು ನೋಡಲೆಂದು ದಂಡ ಹೊಡೆಯುತ್ತಿರುತ್ತದೆ. ಎದುರಾಳಿ ಬಂದರೆ ಇನ್ನೆರಡು ದಂಡ ಹೆಚ್ಚು.

ಇಷ್ಟೆಲ್ಲ ನಡೆಯುವಾಗ ಯುಗಾದಿ ಹೊಸ್ತಿಲಿಗೆ ಬಂದಿರುತ್ತದೆ, ಬೇವು ಅರಳುತ್ತದೆ. ಸುಮಾರು 1 ಸೆಂ.ಮೀ. ಅಗಲದ, ಐದೆಸಳಿನ ಬಿಳಿ ಹೂ. ನಡುವೆ ಕೇಸರಗಳು ಕೂಡಿ ಆದ ಪುಟ್ಟ ಕೊಳವೆ. ಸಂಜೆಯಾಯಿತೆಂದರೆ ಅದರ ಜೇನುಗಂಪು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಿಲ್ಲುತ್ತದೆ. ಈ ಸಲ ಮಾರುಕಟ್ಟೆಯ ಕಟ್ಟನ್ನು ಬಿಟ್ಟು, ಇಷ್ಟು ದಿನ ನೀವೇ ನೋಡುತ್ತ ಬಂದ ಮರದ ಒಂದು ಗೊಂಚಲನ್ನು ಕೇಳಿ ತನ್ನಿ. ಹೂ ಬಿಡಿಸಿ, ಅಚ್ಚು ಬೆಲ್ಲವನ್ನು ಕುಟ್ಟಿ, ಬೆರೆಸಿ, ನಾಲಗೆಯ ಮೇಲಿಟ್ಟು ಅವಸರಿಸದೆ ಕರಗಲು ಬಿಡಿ. ಮೊದಲು ಬೆಲ್ಲ. ಅದರ ಹಿಂದೆ ಹೂವಿನ ಕಂಪು. ಕೊನೆಗೆ, ತೀರಾ ಕೊನೆಗೆ, ತಿಳಿಯಾದ, ನಾಲಗೆಯನ್ನು ಚುರುಕಾಗಿಸುವ ಕಹಿ. ಎಲೆ ಉದುರಿದ್ದು, ಒಣನೆಲದಿಂದ ಚಿಗುರಿದ್ದು, ದುಂಬಿ ಬಂದದ್ದು, ಎಲ್ಲವೂ ಆ ಒಂದು ಚಿಟಿಕೆಯಲ್ಲಿದೆ. ತಿಂದು ಮುಗಿಸಿದ ಮೇಲೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬೀದಿಗಿಳಿಯಿರಿ. ಹೊಸ ವರ್ಷದ ಮೊದಲ ಭೇಟಿ ಆ ಮರದ ಮನೆಗೇ ಆಗಲಿ.