ಕೀಲಿಗಳ ನಡುವಿನ ಗಮಕ

ಮಿರಜಿನಲ್ಲಿ ತಂಬೂರಿ ಮಾಡುವವರು ತಂತಿಗಳನ್ನು ಹೊರುವ ಕುದುರೆಯನ್ನು ಅರದಿಂದ ಉಜ್ಜಿ, ತಂತಿಯ ಕೆಳಗೆ ಒಂದೆಳೆ ನೂಲು ಸರಿಸಿ ಜವಾರಿ, ಅಂದರೆ ನಾದದ ಝೇಂಕಾರ, ಹೊಂದಿಸುತ್ತಾರೆ. ನೂಲು ಒಂದಿಷ್ಟು ಆಚೀಚೆಯಾದರೂ ನಾದ ಸೊರಗುತ್ತದೆ. ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಆ ಊರಿನ ರಸಿಕರ ಕಿವಿ ಪಳಗಿದ್ದು ಈ ನಾದದಲ್ಲೇ. ಅಂಥ ಕಿವಿಗೆ ಸ್ಯಾಕ್ಸೋಫೋನ್ ಅನುಮಾನದ ವಸ್ತು: ಹಿತ್ತಾಳೆಯ ಕೊಳವೆ, ತೂತುಗಳ ಮೇಲೆ ಚರ್ಮದ ಮೆತ್ತೆಯ ಮುಚ್ಚಳ, ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಗಮಕಕ್ಕೆ ಬೇಕಾದ, ಎರಡರ ನಡುವಿನ ಜಾಗ ಎಲ್ಲಿ? ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರನ್ನು ಅಳೆಯಬೇಕಾದದ್ದು ಈ ಪ್ರಶ್ನೆಯಿಂದ. ನಾವಾದರೋ ಅವರು ಏರಿದ ವಿದೇಶಿ ವೇದಿಕೆಗಳನ್ನು ಎಣಿಸುತ್ತ ಕೂತಿದ್ದೇವೆ.

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಅವರು ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರ ಬಳಿ, ಮುಂದೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. ಆದರೂ ಅವರ ವಾದನದ ಬೇರು ಮನೆಯ ನಾಗಸ್ವರದಲ್ಲೇ ಇದೆ ಎಂಬುದು ನನ್ನ ವಾದ. ನಾಗಸ್ವರದಲ್ಲಿ ಬೆರಳು ತೂತನ್ನು ಅರೆ ಮುಚ್ಚಬಲ್ಲದು. ಉಳಿದದ್ದನ್ನು ಉಸಿರು ನೋಡಿಕೊಳ್ಳುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೆ ಆ ಸಲಿಗೆ ಕಡಿಮೆ. ಹಾಗಾಗಿ ಬೆರಳಿನ ಕೆಲಸದ ಬಹುಪಾಲನ್ನು ಅವರು ತುಟಿಗೆ ವಹಿಸಿದರು. ದವಡೆಯ ಹಿಡಿತ ತುಸು ಸಡಿಲಿಸಿದರೆ ಸ್ವರ ಇಳಿಯುತ್ತದೆ, ಬಿಗಿದರೆ ಏರುತ್ತದೆ. ವಾದ್ಯದ ಕೀಲಿಗಳನ್ನೂ ಅವರು ತಮಗೆ ಬೇಕಾದಂತೆ ತಿದ್ದಿಸಿಕೊಂಡರು.

1940ರಲ್ಲಿ ಆಕಾಶವಾಣಿಯಿಂದ ಹಾರ್ಮೋನಿಯಂ ಹೊರಬಿದ್ದದ್ದು ಅದು ಸ್ವರವನ್ನು ಬಾಗಿಸಲಾರದೆಂಬ ಕಾರಣಕ್ಕೂ ಹೌದು. ಅದೇ ದೂರನ್ನು ಸ್ಯಾಕ್ಸೋಫೋನಿನ ಮೇಲೆ ಹೊರಿಸುವವರು ಒಂದು ವ್ಯತ್ಯಾಸ ಮರೆಯುತ್ತಾರೆ. ಹಾರ್ಮೋನಿಯಮ್ಮಿನ ರೀಡು ಪೆಟ್ಟಿಗೆಯೊಳಗೆ ಬಂದಿ. ಸ್ಯಾಕ್ಸೋಫೋನಿನದು ನುಡಿಸುವವನ ಬಾಯೊಳಗೇ ಇದೆ. ದೂರು ಪೂರ್ತಿ ಸುಳ್ಳೆಂದೇನೂ ಅಲ್ಲ. ವಿಳಂಬದ ಆಲಾಪನೆಯಲ್ಲಿ ಗೋಪಾಲನಾಥರ ಜಾರು ಕೆಲವೊಮ್ಮೆ ತೀರ ನುಣುಪಾಗಿ, ಎಣ್ಣೆ ಸವರಿದಂತೆ ಕೇಳುತ್ತದೆ. ನಾಗಸ್ವರದ ಒರಟು ಅಂಚು ಅಲ್ಲಿಲ್ಲ. ದ್ರುತದ ಸ್ವರಪ್ರಸ್ತಾರಕ್ಕೆ ಬೀಳುವ ಚಪ್ಪಾಳೆ ಈ ಕೊರತೆಯನ್ನು ಮುಚ್ಚಿಹಾಕಿದ್ದೂ ಉಂಟು.

ಹಾಗಿದ್ದರೆ ನಾಗಸ್ವರದಲ್ಲಿ ಬೇರೂರಿದ ಗೋಪಾಲನಾಥರಿಗೂ ಪ್ರಯೋಗಶೀಲ ಜಾಜ್‌ಗೂ ಏನು ನಂಟು? 1980ರ ಮುಂಬಯಿ ಜಾಜ್ ಉತ್ಸವದಲ್ಲಿ ಅವರು ಜಾಜ್ ವಾದಕ ಜಾನ್ ಹ್ಯಾಂಡಿಯ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವಕ್ಕೆ ಹೋದರು. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು 2008ರ ‘ಕಿನ್ಸ್‌ಮೆನ್’. ಇದು ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆಗಿನ ಧ್ವನಿಮುದ್ರಿಕೆ. ರುದ್ರೇಶರಿಗೆ ಗೋಪಾಲನಾಥರ ಪರಿಚಯವಾದದ್ದು ಅಣ್ಣ ತಮಾಷೆಗೆಂದು ಕೊಟ್ಟ ಒಂದು ಆಲ್ಬಮ್ಮಿನಿಂದ. ‘ಕಿನ್ಸ್‌ಮೆನ್’ನಲ್ಲಿ ಎರಡು ಆಲ್ಟೊ ಸ್ಯಾಕ್ಸೋಫೋನ್, ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಪಕ್ಕದಲ್ಲಿ ಗಿಟಾರ್, ಡ್ರಮ್ಸ್. ರುದ್ರೇಶರ ಸ್ವರ ಚೂಪು, ಮೂಲೆ ತಿರುಗಿ ಎಗರುವಂಥದು. ಗೋಪಾಲನಾಥರದು ರಾಗದ ದಾರಿ ಬಿಡದ ನಡೆ. ಇಬ್ಬರದೂ ಒಂದೇ ವಾದ್ಯವೆಂಬುದೇ ಮರೆತುಹೋಗುತ್ತದೆ.

ಗೋಪಾಲನಾಥರು ಇಲ್ಲಿ ಬದಲಾಗಲೇ ಇಲ್ಲ, ಹೊಸತೆಲ್ಲ ರುದ್ರೇಶರದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಸ್ವರರಚನೆಯ ಮಟ್ಟಿಗೆ ಅದು ಒಪ್ಪತಕ್ಕ ಮಾತೇ. ಆದರೆ ಅವರ ಪಾಲಿನ ಪ್ರಯೋಗ ಈ ಮುದ್ರಣಕ್ಕೆ ಎಷ್ಟೋ ವರ್ಷ ಮೊದಲೇ, ಕೀಲಿಗಳ ಮೇಲೆ, ಮುಗಿದಿತ್ತು. ಅವರೂ ಜಾಜ್ ನುಡಿಸಲು ಹೊರಟಿದ್ದರೆ ಆಲ್ಬಮ್ಮಿಗೆ ಸಿಗುತ್ತಿದ್ದದ್ದು ಇನ್ನೊಬ್ಬ ಜಾಜ್ ವಾದಕ, ಅದೂ ಎರಡನೇ ದರ್ಜೆಯವ. ಅವರು ತಮ್ಮ ಜಾಗದಲ್ಲೇ ನಿಂತದ್ದರಿಂದ ಗಿಟಾರು, ಡ್ರಮ್ಸುಗಳು ಅವರತ್ತ ನಡೆದು ಬರಬೇಕಾಯಿತು. ಎಷ್ಟೋ ಕಡೆ ಅವು ತಡವರಿಸುತ್ತಲೇ ಬರುತ್ತವೆ, ಆ ತಡವರಿಕೆಯೇ ಕೇಳಲು ಚೆಂದ.